ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗನಿಗೆ ರೂಮು ಬಾಡಿಗೆ ಕೊಡಲು ನಮ್ಮಪ್ಪ ಒಲ್ಲೆ ಅಂತಾರೆ. ಮಾತಾಡಿ ಮನಸ್ಸು ಬದಲಾಯಿಸಬಹುದಾ?

ಬದಲಾಯಿಸಬಹುದು. ಆದರೆ ನೀವು ಅಪ್ಪನ ಜೊತೆ ವಾದಕ್ಕೆ ಇಳಿದರೆ ಆಗಲಿಕ್ಕಿಲ್ಲ. ಮಾತು ಅಪ್ಪ, ಆ ಹುಡುಗ ಇಬ್ಬರ ನಡುವೆ ಆಗಬೇಕು, ಅದೂ ಬಣ್ಣ, ಜಾತಿ ಬಿಟ್ಟು ಬೇರೆ ವಿಷಯದ ಮೇಲೆ.

ಇಲ್ಲೇ ಬೆಳಗಾವಿಯಲ್ಲಿ ನಮ್ಮ ಚಿಗವ್ವ ಖಾನಾವಳಿ ನಡೆಸುತ್ತಾಳೆ. ಖಾನಾಪುರ ಕಡೆಯ ಸಿದ್ದಿ ಹೆಣ್ಣುಮಗಳೊಬ್ಬಳು ಕೆಲಸಕ್ಕೆ ಬಂದಾಗ ಹಿತ್ತಲಲ್ಲಿ ಭಾಂಡೆ ತಿಕ್ಕಲು ಹಚ್ಚಿದಳು. ಗುಂಗುರು ಕೂದಲು, ಕಪ್ಪು ಬಣ್ಣ ಗಿರಾಕಿಗಳ ಕಣ್ಣಿಗೆ ಬೀಳಬಾರದು ಅಂತ. ನಾನು, ನನ್ನ ತಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ.

ಹಬ್ಬಕ್ಕೆ ರೊಟ್ಟಿ ಬಡಿಯುವಾಕೆ ಊರಿಗೆ ಹೋದಳು. ಬೇರೆ ದಾರಿ ಇಲ್ಲದೆ ಇವಳನ್ನೇ ಒಲೆ ಮುಂದೆ ಕೂರಿಸಬೇಕಾಯಿತು. ಅನ್ನ ಉಣ್ಣುವ ಸೀಮೆಯವಳು, ಜೋಳದ ಹಿಟ್ಟು ಕೈಗೆ ಬಗ್ಗಲಿಲ್ಲ. ರೊಟ್ಟಿಯ ಅಂಚೆಲ್ಲ ಸೀಳುತ್ತಿತ್ತು. ಚಿಗವ್ವ ಪಕ್ಕದಲ್ಲೇ ಕೂತಳು. ಎಸರು ಎಷ್ಟು ಹಾಕಬೇಕು, ಹಿಟ್ಟು ಎಷ್ಟು ನಾದಬೇಕು, ಅಂಗೈ ಹೇಗೆ ತಿರುಗಿಸಬೇಕು ಅಂತ ಕಲಿಸಿದಳು. ಹಂಗೆ ಕೂತಾಗ ಬಾಯಿ ಸುಮ್ನೆ ಇರುತ್ತಾ? "ನಿಮ್ಮ ಊರಾಗ ಏನ ಬೆಳಿತೀರಿ?" ಅಂತ ಶುರುವಾಯಿತು. ಭತ್ತ, ಗದ್ದೆಗೆ ನುಗ್ಗುವ ಕಾಡುಹಂದಿ, ಹಾಸ್ಟೆಲ್‌ನಲ್ಲಿ ಓದುವ ಮಗಳು, ಇಬ್ಬರಿಗೂ ಇರುವ ಮೊಣಕಾಲು ನೋವು, ಎಲ್ಲಾ ಬಂತು. ಮುಂದೊಮ್ಮೆ ಗಿರಾಕಿಯೊಬ್ಬ, "ಯಾವ ದೇಶದಾಕಿನ್ನ ತಂದೀರಿ ಅಕ್ಕಾರ?" ಅಂದ. "ಖಾನಾಪುರದಾಕಿ. ನಮ್ಮ ಜಿಲ್ಲಾದಾಕಿ. ನೀವು ಯಾವೂರವ್ರು?" ಅಂತ ಚಿಗವ್ವ ತಿರುಗಿ ಕೇಳಿದಳು.

ಇತಿಹಾಸ ಹೇಳುವುದಿದ್ದರೆ ಇಷ್ಟಾದ ಮೇಲೆ ಹೇಳಿ, ಆಗ ಕಿವಿಗೆ ಬೀಳುತ್ತದೆ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವಾಕ್ಕೆ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಮಕ್ಕಳು ಮೊಮ್ಮಕ್ಕಳು ಶತಮಾನಗಳಿಂದ ಇಲ್ಲೇ ಇದ್ದಾರೆ. ಕನ್ನಡ, ಕೊಂಕಣಿ, ಮರಾಠಿ ಆಡುತ್ತಾರೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ನಮ್ಮ ಬೆಳಗಾವಿ, ಧಾರವಾಡ ಜಿಲ್ಲೆಯವರು 2020ರವರೆಗೆ ಕಾಯಬೇಕಾಯಿತು. ಪಕ್ಕದ ಜಿಲ್ಲೆಯಲ್ಲಿ ಸಿಕ್ಕಿದ್ದು ಇಲ್ಲಿ ಸಿಗಲು ಇಷ್ಟು ವರ್ಷ ಬೇಕಿತ್ತಾ? ನನಗೆ ಈಗಲೂ ಸಿಟ್ಟು ಬರುತ್ತದೆ.

ಒಂದು ಮಾತು ಮಾತ್ರ ನೆನಪಿಡಿ. ಆ ಹುಡುಗನನ್ನು ಅಪ್ಪನ ಮುಂದೆ ಪರೀಕ್ಷೆಗೆ ನಿಲ್ಲಿಸಬೇಡಿ. ತಾನು ಒಳ್ಳೆಯವನು ಅಂತ ತೋರಿಸಿಕೊಳ್ಳುವ ಹೊರೆ ಅವನಿಗೆ ಯಾಕೆ? ಮೊದಲು ಅವನನ್ನೇ ಕೇಳಿ, ಅವನಿಗೆ ಮನಸ್ಸಿದ್ದರೆ ಚಹಾಕ್ಕೆ ಕರೆಯಿರಿ. ಮಳೆ, ಬೆಳೆ, ಊರು, ಓದು, ಯಾವುದರಿಂದಾದರೂ ಮಾತು ಶುರುವಾಗಲಿ. ಅಪ್ಪ ಏನಾದರೂ ಹಗುರವಾಗಿ ಅಂದರೆ ಅಲ್ಲೇ ತಡೆಯುವ ಕೆಲಸ ನಿಮ್ಮದು. ಅವರು ಒಪ್ಪುವುದು ತಡವಾಗಬಹುದು. ಹುಡುಗನಿಗೆ ರೂಮು ಈಗಲೇ ಬೇಕು ಅಲ್ವಾ? ಓಣಿಯಲ್ಲಿ ಬೇರೆ ಕಡೆ ಖಾಲಿ ಇದ್ದರೆ ನೀವೇ ಜೊತೆಗೆ ಹೋಗಿ ಕೇಳಿ.