ಫೈಲಿಗೂ ಸರದಿಯೇ?

ಮಗಳು ಗ್ರಂಥಾಲಯ ವಿಜ್ಞಾನ ಓದುತ್ತೇನೆ ಎನ್ನುತ್ತಿದ್ದಾಳೆ, ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ಅದನ್ನು ಓದಿ ಏನು ಮಾಡುವುದು ಎಂದು ಕೇಳಿದ್ದೀರಿ. ಜೊತೆಗೆ ಒಂದು ಸಿಟ್ಟನ್ನೂ ತೋಡಿಕೊಂಡಿದ್ದೀರಿ: ಎಷ್ಟು ಬೇಕಾದರೂ ನಕಲು ಮಾಡಬಹುದಾದ ಇ-ಪುಸ್ತಕಕ್ಕೂ ಗ್ರಂಥಾಲಯದ ಆ್ಯಪ್ ‘ಸರದಿಯಲ್ಲಿದ್ದೀರಿ’ ಎನ್ನುತ್ತದೆ, ಇದು ಹಳೇ ಕಾಲದ ಬುದ್ಧಿಯಲ್ಲವೇ ಎಂದು. ಸಿಟ್ಟಿನಿಂದಲೇ ಶುರು ಮಾಡೋಣ.

ಅಚ್ಚಾದ ಪುಸ್ತಕವನ್ನು ಕೊಂಡರೆ ಅದು ಗ್ರಂಥಾಲಯದ ಸ್ವತ್ತು. ಹರಿಯುವ ತನಕ ಎರವಲು ಕೊಡಬಹುದು, ಹರಿದರೆ ಬೈಂಡ್ ಮಾಡಿಸಿ ಮತ್ತೆ ಕೊಡಬಹುದು. ಪ್ರಕಾಶಕರ ಅಪ್ಪಣೆ ಬೇಕಿಲ್ಲ. ಇ-ಪುಸ್ತಕದಲ್ಲಿ ಗ್ರಂಥಾಲಯಕ್ಕೆ ಸಾಮಾನ್ಯವಾಗಿ ದಕ್ಕುವುದು ಬರೀ ಲೈಸೆನ್ಸ್, ಎಂದರೆ ಷರತ್ತಿಗೊಳಪಟ್ಟು ಬಳಸುವ ಅನುಮತಿ. ಒಂದು ಲೈಸೆನ್ಸಿಗೆ ಒಂದು ಸಲಕ್ಕೆ ಒಬ್ಬರೇ ಓದುಗರು ಎಂಬ ಷರತ್ತು ಬಹಳ ಕಡೆ ಇರುತ್ತದೆ. ನಿಮ್ಮನ್ನು ಕಾಯಿಸುತ್ತಿರುವುದು ಅದೇ. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಎಂಬ ಪ್ರಕಾಶನ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 26 ಸಲ ಎರವಲು ಕೊಟ್ಟ ಮೇಲೆ ಲೈಸೆನ್ಸ್ ಮುಗಿಯಿತು, ಬೇಕಿದ್ದರೆ ಮತ್ತೆ ದುಡ್ಡು ಕೊಡಿ ಎಂದಿತು. ಫೈಲು ತಾನಾಗಿ ಸವೆಯುವುದಿಲ್ಲವಲ್ಲ, ಸವೆತವನ್ನು ಕರಾರಿನಲ್ಲೇ ಬರೆದುಬಿಟ್ಟರು! ಲೇಖಕರೂ ಪ್ರಕಾಶಕರೂ ಬದುಕಬೇಕು, ಪತ್ರಿಕೆ ನಡೆಸುವ ನನಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ಈ ಲೆಕ್ಕ ನನಗೆ ಜಾಣತನಕ್ಕಿಂತ ಜಿಪುಣತನವಾಗಿಯೇ ಕಾಣುತ್ತದೆ.

ಸಂಶೋಧನಾ ಪತ್ರಿಕೆಗಳ ವಿಷಯದಲ್ಲಿ ಪೆಟ್ಟು ಇನ್ನೂ ಜೋರು. ಹಿಂದೆ ಚಂದಾ ನಿಲ್ಲಿಸಿದರೂ ಹಳೇ ಸಂಪುಟಗಳು ಕಪಾಟಿನಲ್ಲಿರುತ್ತಿದ್ದವು. ಈಗ ದುಡ್ಡು ಕೊಟ್ಟು ಓದುತ್ತಿದ್ದ ವರ್ಷಗಳ ಸಂಚಿಕೆಗಳು ಮುಂದೆಯೂ ತೆರೆಯಬೇಕಾದರೆ ಕರಾರಿನಲ್ಲಿ ಹಾಗೆಂದು ಒಂದು ಸಾಲು ಇರಬೇಕು. ಇಲ್ಲದಿದ್ದರೆ ಚಂದಾ ನಿಂತ ದಿನವೇ ಬೀಗ. ಆ ಸಾಲನ್ನು ಹಟ ಹಿಡಿದು ಬರೆಸುವವರು ಗ್ರಂಥಪಾಲಕರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2019ರಲ್ಲಿ ಸಂಶೋಧನಾ ಪತ್ರಿಕೆಗಳ ಪ್ರಕಾಶನ ಸಂಸ್ಥೆಯಾದ ಎಲ್ಸೆವಿಯರ್ ಜೊತೆಗಿನ ಚಂದಾ ಒಪ್ಪಂದವನ್ನೇ ಕೈಬಿಟ್ಟಿತು. ತನ್ನ ಅಧ್ಯಾಪಕರು ಬರೆದ ಲೇಖನಗಳು ಲೋಕಕ್ಕೆಲ್ಲ ಉಚಿತವಾಗಿ ಸಿಗಬೇಕು, ಅದರ ಖರ್ಚೂ ಚಂದಾ ಒಪ್ಪಂದದೊಳಗೇ ಬರಬೇಕು ಎಂಬುದು ಅದರ ಪಟ್ಟು. ಹೊಸ ಒಪ್ಪಂದ ಕುದುರಿದ್ದು 2021ರಲ್ಲಿ. ಮಾತುಕತೆಯ ಮುಂಚೂಣಿಯಲ್ಲಿ ಗ್ರಂಥಪಾಲಕರಿದ್ದರು.

ಇನ್ನು ಮೊಬೈಲಿನ ಹುಡುಕಾಟ. ರಷ್ಯನ್ ಲೇಖಕ ಚೆಕಾಫ್‌ನ ಹೆಸರು ಇಂಗ್ಲಿಷಿನಲ್ಲಿ ಸಿ-ಎಚ್‌ನಿಂದ ಶುರುವಾದರೆ ಫ್ರೆಂಚಿನಲ್ಲಿ ಟಿ-ಸಿ-ಎಚ್, ಜರ್ಮನ್‌ನಲ್ಲಿ ಟಿ-ಎಸ್-ಸಿ-ಎಚ್. ರಷ್ಯನ್ ಲಿಪಿಯೇ ಬೇರೆ. ಇಷ್ಟೂ ಒಬ್ಬನೇ ಎಂದು ಯಂತ್ರಕ್ಕೆ ತಾನಾಗಿ ತಿಳಿದದ್ದಲ್ಲ. ಬೇರೆ ಬೇರೆ ದೇಶಗಳ ರಾಷ್ಟ್ರೀಯ ಗ್ರಂಥಾಲಯಗಳು ಇಟ್ಟುಕೊಂಡು ಬಂದ ಹೆಸರುಗಳ ಕಡತಗಳನ್ನು ವಯಾಫ್ ಎಂಬ ವ್ಯವಸ್ಥೆ ಒಂದಕ್ಕೊಂದು ಜೋಡಿಸಿದೆ. ಹುಡುಕಿದವರಿಗೆ ಈ ಕೆಲಸ ಕಾಣುವುದೇ ಇಲ್ಲ. ಉಳಿಸುವ ಕೆಲಸವೂ ಅಷ್ಟೇ: ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ಲಾಕ್ಸ್ ಯೋಜನೆಯಲ್ಲಿ ಹಲವು ಗ್ರಂಥಾಲಯಗಳು ಒಂದೇ ಪತ್ರಿಕೆಯ ಪ್ರತಿಗಳನ್ನು ಇಟ್ಟುಕೊಳ್ಳುತ್ತವೆ, ಅವುಗಳ ಕಂಪ್ಯೂಟರುಗಳು ತಮ್ಮತಮ್ಮಲ್ಲೇ ತಾಳೆ ನೋಡಿ, ಕೆಟ್ಟ ಪ್ರತಿಯನ್ನು ಸರಿಪಡಿಸಿಕೊಳ್ಳುತ್ತವೆ.

ಮಗಳು ಸೇರಬೇಕೆಂದಿರುವ ಕೋರ್ಸಿನ ಪಠ್ಯಕ್ರಮವನ್ನು ಒಮ್ಮೆ ತರಿಸಿ ನೋಡಿ. ಕಾಪಿರೈಟ್, ಲೈಸೆನ್ಸ್ ಕರಾರು, ಮೆಟಾಡೇಟಾ (ಕೃತಿಯ ಹೆಸರು, ಲೇಖಕ, ವಿಷಯ ಮುಂತಾದ ವಿವರಗಳ ದಾಖಲೆ), ಡಿಜಿಟಲ್ ಸಂರಕ್ಷಣೆ ಇವೆಯೇ? ಇದ್ದರೆ ಧೈರ್ಯವಾಗಿ ಸೇರಿಸಿ. ಬರೀ ವರ್ಗೀಕರಣದ ಸಂಖ್ಯೆಗಳನ್ನು ಬಾಯಿಪಾಠ ಮಾಡಿಸುವ ಕೋರ್ಸಾದರೆ, ಬೇರೆ ಕಾಲೇಜು ಹುಡುಕುವುದು ವಾಸಿ.

— ಸಂ.