ಕಾರ್ ಶೆಡ್ಡನ್ನು ಕೋಣೆ ಮಾಡಿಕೊಂಡರೆ ನೆಲದಲ್ಲಿ ತೇವ: ಪ್ರತಿಕ್ರಿಯೆ

ತಂದೆ-ತಾಯಿಗಾಗಿ ಕಾರ್ ಶೆಡ್ಡನ್ನು ಕೋಣೆ ಮಾಡಿದ್ದೀರಿ, ಮಳೆಗಾಲದಲ್ಲಿ ನೆಲದಿಂದ ತೇವ ಏಳುತ್ತಿದೆ, ಟೈಲ್ಸ್ ಬದಲಿಸಲೇ ಎಂದು ಕೇಳಿದ್ದೀರಿ. ಇದಕ್ಕೆ ಬಹುಮಟ್ಟಿಗೆ ಪ್ಲಿಂತ್ ಮಟ್ಟವೇ, ಅಂದರೆ ಸುತ್ತಲಿನ ಜಾಗಕ್ಕಿಂತ ಕಟ್ಟಡದ ನೆಲ ಎಷ್ಟು ಎತ್ತರದಲ್ಲಿದೆ ಎಂಬುದೇ ಕಾರಣ. ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ಗ್ಯಾರೇಜಿನ ನೆಲ ಸುತ್ತಲಿನ ಮಟ್ಟಕ್ಕಿಂತ 150 ಮಿ.ಮೀ. ಮೇಲಿದ್ದರೆ ಸಾಕು, ವಾಸದ ಕಟ್ಟಡಕ್ಕೆ 450 ಮಿ.ಮೀ. ಬೇಕು, ಆದ್ದರಿಂದ ಟೈಲ್ಸ್ ಬದಲಿಸಿದರೆ ಹಣ ವ್ಯರ್ಥವಾದೀತು.

ಗಾರೆಯವರನ್ನು ಕರೆಯುವ ಮೊದಲು ಮಂಜೂರಾದ ನಕ್ಷೆಯನ್ನು ನೋಡಿ. ಪಾರ್ಕಿಂಗ್ ಜಾಗವನ್ನು ಸಾಮಾನ್ಯವಾಗಿ ಎಫ್‌ಎಆರ್ (ನಿವೇಶನದ ವಿಸ್ತೀರ್ಣಕ್ಕೂ ಕಟ್ಟಡದ ಒಟ್ಟು ಮಹಡಿ ವಿಸ್ತೀರ್ಣಕ್ಕೂ ಇರುವ ಅನುಪಾತ) ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೋಣೆಯಾದ ಕೂಡಲೇ ಅದು ಲೆಕ್ಕಕ್ಕೆ ಸೇರುತ್ತದೆ, ಕಡ್ಡಾಯವಾಗಿ ಬಿಡಬೇಕಾದ ಪಾರ್ಕಿಂಗ್ ಜಾಗವೂ ಕಡಿಮೆಯಾಗುತ್ತದೆ. ಎರಡೂ ಮಿತಿಯೊಳಗಿದ್ದರೆ ಮಾತ್ರ ಪರಿಷ್ಕೃತ ನಕ್ಷೆಗೆ ಅರ್ಜಿ ಹಾಕಿ. ಸಂಹಿತೆಗೂ ನಿಮ್ಮ ನಗರಸಭೆಯ ಬೈಲಾಕ್ಕೂ ವ್ಯತ್ಯಾಸವಿದ್ದರೆ ಬೈಲಾವನ್ನೇ ಪಾಲಿಸಬೇಕು.

ಅನಂತರ ಎತ್ತರ ಅಳೆಯಿರಿ. ವಾಸದ ಕೋಣೆಗೆ 2.75 ಮೀಟರ್ ಬೇಕು, ಗ್ಯಾರೇಜಿಗೆ 2.4 ಸಾಕು. ನಿಮ್ಮದು 2.4 ಎಂದಿದ್ದೀರಿ, ನೆಲವನ್ನು 150ರಿಂದ 450ಕ್ಕೆ ತರಲು 300 ಮಿ.ಮೀ. ಏರಿಸಿದರೆ 2.1 ಮೀಟರ್ ಉಳಿದು, ಕೈ ಎತ್ತಿದರೆ ಫ್ಯಾನಿನ ರೆಕ್ಕೆಗೆ ತಗಲುತ್ತದೆ. ವಯಸ್ಸಾದವರು ಮಲಗುವ ಕೋಣೆಗೆ ಅದನ್ನು ನಾನು ಒಪ್ಪಲಾರೆ. ಚಾವಣಿ ಶೀಟಿನದಾದರೆ ಎತ್ತರಿಸಬಹುದು; ಆರ್‌ಸಿಸಿ ಆಗಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಮುಟ್ಟಬೇಡಿ.

ರೋಲಿಂಗ್ ಶಟರ್ ತೆಗೆದ ಜಾಗದಲ್ಲಿ ಗೋಡೆಯನ್ನು ಹಳೆಯ ಕಾಂಕ್ರೀಟ್ ನೆಲದ ಮೇಲೆಯೇ ಎಬ್ಬಿಸಿದ್ದರೆ, ಅದರ ಕೆಳಗೆ ಅಡಿಪಾಯವಾಗಲಿ ತೇವ ತಡೆಯುವ ಪದರವಾಗಲಿ ಇರುವುದಿಲ್ಲ. ನೀವು ಕಳಿಸಿದ ಚಿತ್ರದಲ್ಲಿ ಆ ಗೋಡೆಯ ಬುಡದಲ್ಲೇ ಸುಣ್ಣ ಉದುರಿದೆ, ಹಾಗಾಗಿ ಒಂದಡಿ ಅಗೆದು ಪರೀಕ್ಷಿಸಿ. ಕಿಟಕಿಗಳ ವಿಸ್ತೀರ್ಣ ಒಣ ಬಿಸಿ ಪ್ರದೇಶದಲ್ಲಿ ನೆಲದ ಹತ್ತನೇ ಒಂದು ಭಾಗ, ಕರಾವಳಿಯಂಥ ತೇವದ ಪ್ರದೇಶದಲ್ಲಿ ಆರನೇ ಒಂದು ಭಾಗ ಇರಬೇಕು. ಬಾಗಿಲನ್ನು ಇದಕ್ಕೆ ಸೇರಿಸಬೇಡಿ.