ಬ್ರೂಟಸ್‌ಗೆ ಜೈಕಾರ, ಆಂಟನಿಗೆ ಜನ

ಪ್ರಶ್ನೆ: ಶೇಕ್ಸ್‌ಪಿಯರ್‌ನ ‘ಜೂಲಿಯಸ್ ಸೀಸರ್’ ನಮಗೆ ಪಠ್ಯ. ಸೀಸರನನ್ನು ಕೊಂದದ್ದೇಕೆ ಎಂದು ಬ್ರೂಟಸ್ ಹೇಳಿದಾಗ ತಲೆದೂಗಿದ ಜನ, ಸೀಸರನ ಗೆಳೆಯ ಆಂಟನಿ ಮಾತು ಮುಗಿಸುವಷ್ಟರಲ್ಲಿ ಬ್ರೂಟಸ್ ಮನೆಗೆ ಬೆಂಕಿ ಇಡಲು ಹೊರಡುತ್ತಾರೆ. ಬ್ರೂಟಸ್ ಹೇಳಿದ್ದರಲ್ಲಿ ತಪ್ಪೇನಿತ್ತು?
– ಪದವಿ ವಿದ್ಯಾರ್ಥಿನಿ, ಹಾಸನ

ಉತ್ತರ: ತಪ್ಪು ಹೇಳಿದ್ದರಲ್ಲಿಲ್ಲಮ್ಮ, ಕೇಳಿದ್ದರಲ್ಲಿದೆ. “ಗುಲಾಮನಾಗಿರಲು ಒಪ್ಪುವ ನೀಚ ಇಲ್ಲಿ ಯಾರಿದ್ದಾನೆ? ಇದ್ದರೆ ಹೇಳಲಿ” ಅಂತ ಕೇಳಿ ಬ್ರೂಟಸ್ ಉತ್ತರಕ್ಕೆ ಕಾಯುತ್ತಾನೆ. ಯಾರು ಬಾಯಿ ಬಿಡುತ್ತಾರೆ? ನಾನೂ ಮೂವತ್ತು ವರ್ಷ ಇಂಗ್ಲಿಷ್ ಮೇಷ್ಟ್ರಾಗಿದ್ದವನು. ಪಾಠ ಮುಗಿದ ಮೇಲೆ “ಅರ್ಥ ಆಗದ ದಡ್ಡರು ಯಾರಾದ್ರೂ ಇದ್ದೀರೇನ್ರೋ?” ಅನ್ನುತ್ತಿದ್ದೆ. ಒಂದು ಕೈಯೂ ಮೇಲೇಳುತ್ತಿರಲಿಲ್ಲ. ಸೀಮೆಸುಣ್ಣದ ಪುಡಿ ಕೊಡವಿಕೊಂಡು ಖುಷಿಯಾಗಿ ಹೊರಡುತ್ತಿದ್ದೆ. ಉತ್ತರಪತ್ರಿಕೆ ತಿದ್ದುವಾಗ ಗೊತ್ತಾಗುತ್ತಿತ್ತು ಬಂಡವಾಳ. ಬ್ರೂಟಸ್‌ಗೆ ಆ ಉತ್ತರಪತ್ರಿಕೆ ನಿಂತಲ್ಲೇ ಸಿಗುತ್ತದೆ. ಸೀಸರನ ಅಧಿಕಾರದಾಸೆಗೆ ಅವನನ್ನು ಕೊಂದೆ ಅಂತ ಇಷ್ಟು ಹೊತ್ತು ಹೇಳಿದ್ದಾನಲ್ಲ, ಗುಂಪಿನಲ್ಲೊಬ್ಬ ಕೂಗುತ್ತಾನೆ: “ಇವನೇ ಸೀಸರ್ ಆಗಲಿ!”

ಆಂಟನಿ ಕೈಕಟ್ಟಿಸಿಕೊಂಡೇ ಬಂದವನು. ಕೊಂದವರನ್ನು ದೂರಕೂಡದು, ಸೀಸರನನ್ನು ಹೊಗಳಬಹುದು ಎಂಬುದು ಬ್ರೂಟಸ್ ಹಾಕಿದ ಷರತ್ತು. ಅದಕ್ಕೇ ಆಂಟನಿ ಬೈಯುವುದಿಲ್ಲ, ಹೊಗಳುತ್ತಾನೆ. ಬ್ರೂಟಸ್ ಮರ್ಯಾದಸ್ಥ ಎಂಬ ಮಾತು ಮೊದಲ ಭಾಷಣದಲ್ಲೇ ನಾಲ್ಕು ಸಲ ಬರುತ್ತದೆ. ನಮ್ಮಲ್ಲಿ “ಅವರು ದೊಡ್ಡ ಮನುಷ್ಯರು ಬಿಡಿ” ಅಂತೀವಲ್ಲ, ಆ ಧಾಟಿ. ಆಮೇಲೆ “ಮರ್ಯಾದಸ್ಥರಂತೆ! ದ್ರೋಹಿಗಳು!” ಅಂತ ಕೂಗುವವನು ಆಂಟನಿಯಲ್ಲ, ಕೇಳುತ್ತಿದ್ದ ಪ್ರಜೆ.

ಸೀಸರ್ ಬರೆದಿಟ್ಟ ಉಯಿಲಿನದೂ ಇದೇ ಆಟ. ಮಗುವಿಗೆ ಬೆಲ್ಲ ತೋರಿಸಿ ಡಬ್ಬಿ ಮುಚ್ಚಿದ ಹಾಗೆ, ಹೊರಗೆ ತೆಗೆದು “ಓದಬಾರದು, ಓದಿದರೆ ನಿಮಗೆ ಹುಚ್ಚೇ ಹಿಡಿದೀತು” ಅನ್ನುತ್ತಾನೆ. ಓದು, ಓದು ಅಂತ ಜನವೇ ಗಂಟುಬೀಳುತ್ತಾರೆ. ಆದರೂ ಓದದೆ, ಕೆಳಗಿಳಿದು ಬಂದು ಸೀಸರನ ನಿಲುವಂಗಿ ಹಿಡಿಯುತ್ತಾನೆ. ನರ್ವೀ ಬುಡಕಟ್ಟಿನವರನ್ನು ಸೀಸರ್ ಗೆದ್ದ ದಿನ, ಬೇಸಿಗೆಯ ಸಂಜೆ, ಡೇರೆಯಲ್ಲಿ ಇದನ್ನು ಮೊದಲ ಸಲ ತೊಟ್ಟಿದ್ದ ಅನ್ನುತ್ತಾನೆ. ಇದು ಕ್ಯಾಷಿಯಸ್ ಇರಿದದ್ದು, ಇದು ಕಾಸ್ಕಾ ಹರಿದದ್ದು, ಇದು ಬ್ರೂಟಸ್‌ನದು ಅಂತ ಒಂದೊಂದೇ ತೂತು ತೋರಿಸುತ್ತಾನೆ. ಅಲ್ಲ, ಕೊಲೆಯಾದಾಗ ಇವನೆಲ್ಲಿದ್ದ? ಕೊಲೆಗಾರರ ಗುಂಪಿನ ಟ್ರೆಬೋನಿಯಸ್ ಉಪಾಯವಾಗಿ ಹೊರಗೆ ಕರೆದುಕೊಂಡು ಹೋಗಿದ್ದ! ಯಾವ ತೂತು ಯಾರದೆಂದು ಇವನಿಗೇನು ಗೊತ್ತು? ಇತಿಹಾಸ ನೋಡಿದರೆ ಆ ಯುದ್ಧ ನಡೆದ ಕ್ರಿ.ಪೂ. 57ರಲ್ಲಿ ಆಂಟನಿ ಇನ್ನೂ ಸೀಸರನ ಸೇನೆಗೆ ಸೇರಿರಲೇ ಇಲ್ಲ. ಡೇರೆ ನೋಡಿದವನೂ ಅಲ್ಲ. ಕ್ಲಾಸಿನಲ್ಲಿ ಇದನ್ನೋದುವಾಗ ಮೇಜಿನ ಮೇಲೆ ನನ್ನ ಹಳೇ ಶಾಲು ಹರವಿ, ನುಸಿ ತಿಂದ ತೂತುಗಳಿಗೆ ಬೆರಳು ಹಾಕಿ ತೋರಿಸುತ್ತಿದ್ದೆ. ನಗುತ್ತಿದ್ದ ಹುಡುಗರು ಬ್ರೂಟಸ್ ಹೆಸರು ಬರುವ ಹೊತ್ತಿಗೆ ಸುಮ್ಮನಾಗುತ್ತಿದ್ದರು.

ಇಷ್ಟಾಗಿ ಎದ್ದು ಓಡುವ ಜನರನ್ನು “ಉಯಿಲು ಮರೆತಿರಲ್ಲ” ಅಂತ ತಡೆದು ನಿಲ್ಲಿಸುವವನೂ ಅವನೇ. ಸೀಸರ್ ರೋಮಿನ ಜನಕ್ಕೆ ಬಿಟ್ಟದ್ದು ತಲೆಗೆ 75 ದ್ರಾಕ್ಮಾ ಬೆಳ್ಳಿ ನಾಣ್ಯ, ಟೈಬರ್ ನದಿ ದಡದ ತೋಟಗಳು. ಪರೀಕ್ಷೆಗೆ ಇಷ್ಟು ಸಾಕು. ಬಿಡುವಿದ್ದಾಗ ನಾಲ್ಕನೇ ಅಂಕದ ಮೊದಲ ದೃಶ್ಯ ತೆಗೆದು ನೋಡಿ. ಈಗ ಜೊತೆಗೂಡಿರುವ ಲೆಪಿಡಸ್‌ನನ್ನು ಸೀಸರನ ಮನೆಗೆ ಅಟ್ಟಿ ಆಂಟನಿ ಅದೇ ಉಯಿಲನ್ನು ತರಿಸುತ್ತಾನೆ, ಕೊಡಬೇಕಾದ್ದರಲ್ಲಿ ಎಷ್ಟು ಕತ್ತರಿಸಬಹುದು ಅಂತ ನೋಡಲು.